ಕಲ್ಲಹಳ್ಳಿಯ ದೇವರಾಜ ಅರಸರು

ಹುಣಸೂರು ಸೀಮೆಯಲ್ಲಿ ಅರಸರ ಹೆಸರು ಕೇಳದವರಿಲ್ಲ. ಆದರೆ ಮುಖ್ಯಮಂತ್ರಿಗಳಾಗುವ ಮುನ್ನ ಅವರೂ ಊರು ಬಿಟ್ಟು ಓದಲು ಹೋದ ಹಳ್ಳಿಯ ಹುಡುಗನೇ ಆಗಿದ್ದರೆಂಬುದನ್ನು ನಾವು ನೆನೆಯುವುದು ಕಡಮೆ.

1915ರ ಆಗಸ್ಟ್ 20ರಂದು ಕಲ್ಲಹಳ್ಳಿಯ ಮನೆತನದಲ್ಲಿ ಜನಿಸಿದ ದೇವರಾಜ ಅರಸರು ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಕಲಿತರು. ಅದು ಅರಸು ಜನಾಂಗದ ಮಕ್ಕಳಿಗೆಂದೇ ಏರ್ಪಟ್ಟ ಶಾಲೆ. ಊಟಕ್ಕೂ ಮಲಗುವುದಕ್ಕೂ ಅಲೆಯಬೇಕಾಗಿರಲಿಲ್ಲ. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್‌ಸಿ. ಮುಗಿಸಿ, ಹುದ್ದೆ ಹುಡುಕದೆ ಊರಿಗೆ ಮರಳಿ ಬೇಸಾಯ ಹಿಡಿದರು. 1941ರಲ್ಲಿ ಪ್ರಜಾಪ್ರತಿನಿಧಿ ಸಭೆಗೂ, 1952ರಲ್ಲಿ ವಿಧಾನಸಭೆಗೂ ಆಯ್ಕೆಯಾದರು. 1972ರ ಮಾರ್ಚಿಯಲ್ಲಿ ಮುಖ್ಯಮಂತ್ರಿಗಳಾದರು.

ಅದೇ ವರ್ಷ ಅವರು ನೇಮಿಸಿದ ಹಾವನೂರರ ಆಯೋಗವು 1975ರಲ್ಲಿ ವರದಿ ಕೊಟ್ಟಿತು. 1977ರಲ್ಲಿ ಮೀಸಲಾತಿಯ ಆಜ್ಞೆ ಹೊರಟಿತು. ಇದು ಎಲ್ಲರೂ ಬಲ್ಲ ಸಂಗತಿ. ಆದರೆ ಸೀಟು ಕೊಟ್ಟ ಮಾತ್ರಕ್ಕೆ ಹುಡುಗನು ತರಗತಿಗೆ ಬಂದನೆಂದಲ್ಲ. ಕಾಲೇಜುಗಳು ತೆರೆಯುವ ಹೊತ್ತಿಗೇ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಕಿತ್ತು ಬೇಯಿಸುವ ಕೆಲಸ. ಮನೆಯವರಿಗೆ ಆಗ ಎರಡು ಕೈ ಹೆಚ್ಚಿಗೆ ಬೇಕು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನೊಡನೆ ಸೀಟು ಪಡೆದ ಎಚ್.ಡಿ. ಕೋಟೆ ಕಡೆಯ ಗೆಳೆಯನೊಬ್ಬನಿದ್ದನು. ನನಗೆ ವಿದ್ಯಾರ್ಥಿನಿಲಯದಲ್ಲಿ ಜಾಗವಿದೆಯೆಂಬ ಸುದ್ದಿ ಶುಲ್ಕ ಕಟ್ಟುವ ಕಡೆಯ ದಿನಕ್ಕೆ ಮೊದಲೇ ಬಂದಿತು. ಅವನಿಗೆ ಬಂದುದು ತಿಂಗಳು ಕಳೆದ ಮೇಲೆ. ಅಷ್ಟರಲ್ಲಿ ಅವನು ಯಾರದೋ ಬ್ಯಾರನ್ನಿಗೆ ಸೌದೆ ಹಾಕುತ್ತಿದ್ದನು. ಅವನು ನನಗಿಂತ ಚೆನ್ನಾಗಿ ಓದುತ್ತಿದ್ದನೆಂಬುದನ್ನು ಇಲ್ಲಿ ಹೇಳಲೇಬೇಕು.

ಈ ನಡುವಣ ದಿನಗಳ ಕಷ್ಟವನ್ನು ಅರಸರು ಬಲ್ಲವರಾಗಿದ್ದರೆಂದು ನನಗೆ ತೋರುತ್ತದೆ. ನಿಲಯಗಳು ಅವರಿಗಿಂತ ಮೊದಲೂ ಇದ್ದವು. ಆದರೆ ಅನೇಕವು ಆಯಾ ಜಾತಿಯವರೋ ಮಠಗಳವರೋ ಕಟ್ಟಿದವು. ಮಠವೂ ಇಲ್ಲದ, ಹಣವಂತರೂ ಇಲ್ಲದ ಸಣ್ಣ ಜಾತಿಗಳ ಮಕ್ಕಳು ಎಲ್ಲಿಗೆ ಹೋಗಬೇಕು? ಅರಸರ ಸರ್ಕಾರವು ಹಿಂದುಳಿದ ವರ್ಗದವರಿಗೆಂದು ನಿಲಯಗಳನ್ನು ತೆರೆಯಿತು, ವಿದ್ಯಾರ್ಥಿವೇತನ ಕೊಟ್ಟಿತು. ತಮಗೆ ಬೋರ್ಡಿಂಗ್ ಶಾಲೆ ಕೊಟ್ಟ ಅನುಕೂಲವನ್ನೇ ಅವರು ಪರರ ಮಕ್ಕಳಿಗೂ ಒದಗಿಸಿದರು.

ಅವರ ಆಡಳಿತದ ಮೇಲೆ ಆಪಾದನೆಗಳು ಬರಲಿಲ್ಲವೆಂದಲ್ಲ. 1977ರಲ್ಲಿ ವಿಚಾರಣಾ ಆಯೋಗವೂ ಕುಳಿತಿತು. 1980ರ ಜನವರಿಯಲ್ಲಿ ಅಧಿಕಾರ ಬಿಟ್ಟರು. 1982ರ ಜೂನ್ 6ರಂದು, ಅರುವತ್ತಾರನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.