ನಡೆಯುತ್ತಾ ದಾರಿ ಕಂಡ ವಿನೋಬಾ

ಭೂದಾನ ಎಂದೊಡನೆ ನಾವು ನೆನೆಯುವ ಪೂಜ್ಯ ವಿನೋಬಾ ಭಾವೆಯವರು (1895-1982) ಆ ಕೆಲಸವನ್ನು ಮೊದಲೇ ಯೋಚಿಸಿ ಹೊರಟವರಲ್ಲ. 1951ರಲ್ಲಿ ಹೈದರಾಬಾದ್ ಬಳಿಯ ಸರ್ವೋದಯ ಸಮ್ಮೇಳನಕ್ಕೆ ವಾರ್ಧಾ ಸಮೀಪದ ಪವನಾರ್ ಆಶ್ರಮದಿಂದ ಕಾಲ್ನಡಿಗೆಯಲ್ಲೇ ಹೋದರು. ಆಗ ಅವರಿಗೆ 55 ವರ್ಷ. ಅಲ್ಲಿಂದ ತೆಲಂಗಾಣದ ಹಳ್ಳಿಗಳಲ್ಲಿ ನಡೆಯುತ್ತಾ ಏಪ್ರಿಲ್ 18ರಂದು ಪೋಚಂಪಲ್ಲಿಗೆ ಬಂದರು. ಭೂಮಿಯಿಲ್ಲದ ದಲಿತ ಕುಟುಂಬಗಳು 80 ಎಕರೆ ಬೇಕೆಂದವು. ವಿನೋಬಾ ಊರವರನ್ನೇ ಕೇಳಿದಾಗ ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಟ್ಟರು. ತಮ್ಮ ಕೆಲಸ ಯಾವುದೆಂದು ಅವರಿಗೆ ಗೊತ್ತಾಯ್ತು.

ಮುಂದೆ ಹದಿಮೂರು ವರ್ಷ ದೇಶವೆಲ್ಲಾ ನಡೆದರು. 1957ರಲ್ಲಿ ನಮ್ಮ ಮೈಸೂರು ಬಳಿಯ ಇಲವಾಲದಲ್ಲೂ ಗ್ರಾಮದಾನ ಸಮ್ಮೇಳನ ನಡೆಯಿತು. 40 ಲಕ್ಷ ಎಕರೆಗೂ ಮೀರಿ ದಾನ ಬಂತು. ಆದರೆ ಅದೆಷ್ಟೋ ಜಮೀನು ಬಡವರ ಕೈ ಸೇರಲೇ ಇಲ್ಲ. ಕೂಡಿಸಿದ್ದನ್ನು ಸರಿಯಾಗಿ ಹಂಚೋದೂ ಅಷ್ಟೇ ದೊಡ್ಡ ಕೆಲಸ. ಸಂಘ ಕಟ್ಟಿಕೊಂಡ ನಾವು ಇದನ್ನು ಮರೆಯದಿರೋಣ.