ಬಿಲ್ಲೆಯಂಥ ಅಣುಗಳ ಗುಟ್ಟು ಕಂಡ ಚಂದ್ರಶೇಖರ್

ಮಕ್ಕಳೇ, ಕ್ಯಾಲ್ಕ್ಯುಲೇಟರಿನ ಗುಂಡಿ ಒತ್ತಿದೊಡನೆ ಕಪ್ಪು ಅಂಕಿಗಳು ಮೂಡುತ್ತವೆ, ಅಲ್ಲವೇ? ಅಲ್ಲಿ ಶಾಯಿ ಇಲ್ಲ. ಎರಡು ಗಾಜಿನ ಹಾಳೆಗಳ ನಡುವೆ ಕೂದಲಿಗಿಂತ ತೆಳುವಾದ ಒಂದು ಪದರವಿದೆ. ಅದೇ ದ್ರವ ಸ್ಫಟಿಕ. ಅದು ದ್ರವದಂತೆ ಹರಿಯುತ್ತದೆ. ಆದರೂ ಅದರ ಅಣುಗಳಲ್ಲಿ ಹರಳಿನಲ್ಲಿರುವಂಥ ಶಿಸ್ತು ಸ್ವಲ್ಪ ಉಳಿದಿರುತ್ತದೆ. ವಿದ್ಯುತ್ ಕೊಟ್ಟಾಗ ಅಣುಗಳು ಹೊರಳುತ್ತವೆ. ಆ ಜಾಗದಲ್ಲಿ ಬೆಳಕು ತಡೆದು ಅಂಕಿ ಕಪ್ಪಾಗಿ ಕಾಣುತ್ತದೆ.

ಇಂಥ ವಸ್ತುಗಳಲ್ಲಿ ಹೊಸ ಬಗೆಯೊಂದನ್ನು ನಮ್ಮ ಕರ್ನಾಟಕದಲ್ಲೇ ಕಂಡುಹಿಡಿದವರು ಶಿವರಾಮಕೃಷ್ಣ ಚಂದ್ರಶೇಖರ್. ನಕ್ಷತ್ರಗಳ ಅಧ್ಯಯನಕ್ಕಾಗಿ 1983ರಲ್ಲಿ ನೊಬೆಲ್ ಬಹುಮಾನ ಪಡೆದ ಎಸ್. ಚಂದ್ರಶೇಖರ್ ಬೇರೆ, ಇವರು ಬೇರೆ.

ಇವರು ಹುಟ್ಟಿದ್ದು 1930ರ ಆಗಸ್ಟ್ 6ರಂದು, ಕಲ್ಕತ್ತೆಯಲ್ಲಿ. ಸರ್ ಸಿ.ವಿ. ರಾಮನ್ ಇವರ ಸೋದರಮಾವ. ನಾಗಪುರದಲ್ಲಿ ಎಂ.ಎಸ್ಸಿ. ಮುಗಿಸಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮಾವನ ಬಳಿಯೇ ಸಂಶೋಧನೆ ಕಲಿತರು. ಮುಂದೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹರಳುಗಳನ್ನು ಕುರಿತು ಅಧ್ಯಯನ ನಡೆಸಿದರು.

1961ರಲ್ಲಿ ಭಾರತಕ್ಕೆ ಮರಳಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಅಲ್ಲಿ ಅವರು ಆರಿಸಿಕೊಂಡ ವಿಷಯ ದ್ರವ ಸ್ಫಟಿಕ. ಆಗ ದ್ರವ ಸ್ಫಟಿಕದ ಪರದೆಯುಳ್ಳ ಕ್ಯಾಲ್ಕ್ಯುಲೇಟರು ಇನ್ನೂ ಹುಟ್ಟಿರಲಿಲ್ಲ. ಇದರಿಂದ ಏನು ಉಪಯೋಗ ಎಂದು ಕೇಳಿದ್ದರೆ ಉತ್ತರಿಸುವುದು ಸುಲಭವಿರಲಿಲ್ಲ. ಆದರೂ ಅವರು ವಿಷಯ ಬಿಡಲಿಲ್ಲ. 1971ರಲ್ಲಿ ರಾಮನ್ ಸಂಸ್ಥೆಗೆ ಮರಳಿ ಅಲ್ಲಿ ದ್ರವ ಸ್ಫಟಿಕ ಪ್ರಯೋಗಾಲಯ ಕಟ್ಟಿದರು.

ದ್ರವ ಸ್ಫಟಿಕದ ಸಂಗತಿ ಮೊದಲು ಗಮನಕ್ಕೆ ಬಂದದ್ದು 1888ರಲ್ಲಿ, ಆಸ್ಟ್ರಿಯಾದ ಸಸ್ಯವಿಜ್ಞಾನಿ ರೈನಿಟ್ಜರ್ ಅವರಿಗೆ. ಅಂದಿನಿಂದ ಸುಮಾರು 90 ವರ್ಷ ಅಧ್ಯಯನಕ್ಕೆ ಸಿಕ್ಕ ದ್ರವ ಸ್ಫಟಿಕಗಳ ಅಣುಗಳು ಕಡ್ಡಿಯಂತೆ ಉದ್ದವಾಗಿದ್ದವು. ಮಲಪ್ರಭೆಯ ಕಾಲುವೆಯಲ್ಲಿ ಜೋಳದ ಕಣಿಕೆಗಳು ಒಂದೇ ದಿಕ್ಕಿಗೆ ಮುಖ ಮಾಡಿ ತೇಲಿಹೋಗುವುದನ್ನು ನೆನೆಯಿರಿ. ಕಡ್ಡಿ ಅಣುಗಳ ಶಿಸ್ತೂ ಹಾಗೆಯೇ.

ಅಣು ಕಡ್ಡಿಯಂತೆಯೇ ಏಕಿರಬೇಕು? ಚಪ್ಪಟೆ ಬಿಲ್ಲೆಯಂತಿದ್ದರೆ ಆಗದೇ? 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಇದಕ್ಕೆ ಉತ್ತರ ಕಂಡರು. ಅವರು ಪರೀಕ್ಷಿಸಿದ ಅಣುವಿನ ನಡುವೆ ಬೆಂಜೀನಿನ ಉಂಗುರ, ಸುತ್ತ ಆರು ಉದ್ದ ಬಾಲಗಳು. ಅಂಥ ಒಂದು ವಸ್ತು ಸುಮಾರು 81 ಡಿಗ್ರಿ ಸೆಲ್ಸಿಯಸ್‌ವರೆಗೆ ಘನವಾಗಿತ್ತು. ಸುಮಾರು 87 ಡಿಗ್ರಿ ದಾಟಿದರೆ ಮಾಮೂಲಿ ದ್ರವ. ನಡುವಿನ ಆರೇ ಡಿಗ್ರಿಗಳಲ್ಲಿ ಅದು ದ್ರವ ಸ್ಫಟಿಕವಾಗಿತ್ತು! ಕ್ಷ-ಕಿರಣ ಹಾಯಿಸಿ ನೋಡಿದಾಗ ಬಿಲ್ಲೆಗಳು ಒಂದರ ಮೇಲೊಂದು ಕೂತು ಕಂಬಗಳಾಗಿರುವುದು ತಿಳಿಯಿತು. ಬುಟ್ಟಿಯಲ್ಲಿ ಅವ್ವ ಪೇರಿಸಿಟ್ಟ ಜೋಳದ ರೊಟ್ಟಿಗಳ ಹಾಗೆ! ಈ ಫಲಿತಾಂಶವನ್ನು ಅವರು ಭಾರತದ್ದೇ ಆದ ಪತ್ರಿಕೆ ‘ಪ್ರಮಾಣ’ದಲ್ಲಿ ಪ್ರಕಟಿಸಿದರು.

ಈ ಕಂಬಗಳಿಂದ ಏನು ಲಾಭ? 1990ರ ದಶಕದಲ್ಲಿ ಜರ್ಮನಿಯ ವಿಜ್ಞಾನಿಗಳು ಇನ್ನೂ ದೊಡ್ಡ ಉಂಗುರಗಳುಳ್ಳ ಬಿಲ್ಲೆ ಅಣುಗಳನ್ನು ಪರೀಕ್ಷಿಸಿದರು. ಅವುಗಳ ಕಂಬದಲ್ಲಿ ವಿದ್ಯುದಾವೇಶವು ಒಂದು ಉಂಗುರದಿಂದ ಇನ್ನೊಂದಕ್ಕೆ ವೇಗವಾಗಿ ಸಾಗುತ್ತಿತ್ತು. ಸುತ್ತಲಿನ ಬಾಲಗಳು ವೈರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯಂತೆ ಆವೇಶವನ್ನು ಪಕ್ಕಕ್ಕೆ ಹೋಗಗೊಡುವುದಿಲ್ಲ. ಅಂದರೆ ಒಂದೊಂದು ಕಂಬವೂ ಕಣ್ಣಿಗೆ ಕಾಣದಷ್ಟು ತೆಳುವಾದ ತಂತಿ!

ಇಂಥ ವಸ್ತುಗಳಿಗೆ ಸಾವಯವ ಅರೆವಾಹಕಗಳೆಂದು ಹೆಸರು. ಸಾವಯವ ಎಂದೊಡನೆ ತಿಪ್ಪೆಗೊಬ್ಬರ ನೆನಪಾದೀತು. ಇಲ್ಲಿ ಅದರ ಅರ್ಥ ಇಂಗಾಲದ ಅಣುಗಳಿಂದಾದದ್ದು ಎಂದು. ಇಂಥ ಬೇರೆ ಸಾವಯವ ವಸ್ತುಗಳು ಇಂದು ಎಷ್ಟೋ ಮೊಬೈಲ್ ಪರದೆಗಳಲ್ಲಿ ತಾವೇ ಬೆಳಕು ಬೀರುತ್ತಿವೆ. ಬಿಲ್ಲೆ ಅಣುಗಳಿಂದ ಸೌರಕೋಶ ಮಾಡುವ ಪ್ರಯತ್ನ ನಡೆದಿದೆ. ಅವುಗಳ ಜೊತೆ ಚಿನ್ನದ ಅತಿಸೂಕ್ಷ್ಮ ಕಣಗಳನ್ನು ಬೆರೆಸಿ ಮಿಶ್ರ ವಸ್ತು ತಯಾರಿಸುವ ಪ್ರಯೋಗ ರಾಮನ್ ಸಂಸ್ಥೆಯಲ್ಲೇ ನಡೆದಿದೆ.

ಚಂದ್ರಶೇಖರ್ ಅವರು 1983ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. ನಿವೃತ್ತಿಯ ಬಳಿಕವೂ ಸುಮ್ಮನೆ ಕೂರದೆ 1991ರಲ್ಲಿ ಬೆಂಗಳೂರಿನಲ್ಲಿ ದ್ರವ ಸ್ಫಟಿಕ ಸಂಶೋಧನಾ ಕೇಂದ್ರ ಸ್ಥಾಪಿಸಿದರು. 1998ರಲ್ಲಿ ಪದ್ಮಭೂಷಣ ಪಡೆದ ಅವರು 2004ರ ಮಾರ್ಚ್ 8ರಂದು ತೀರಿಕೊಂಡರು. ಅವರು ಕಟ್ಟಿದ ಕೇಂದ್ರ ಇಂದು ನ್ಯಾನೋ ಮತ್ತು ಮೃದು ವಸ್ತುಗಳ ಸಂಶೋಧನಾ ಕೇಂದ್ರವಾಗಿ ಬೆಳೆದಿದೆ.

ತೊಂಬತ್ತು ವರ್ಷ ಎಲ್ಲರೂ ಕಡ್ಡಿಗಳನ್ನೇ ನೋಡುತ್ತಿದ್ದರು. ಬಿಲ್ಲೆಯಾದರೆ ಹೇಗೆ ಎಂಬ ಪ್ರಶ್ನೆಯೇ ಹೊಸ ದಾರಿ ತೆರೆಯಿತು. ಮಕ್ಕಳೇ, ನಿಮ್ಮ ತರಗತಿಯಲ್ಲೂ ಹೀಗೇ ಏಕಿರಬೇಕು ಎಂದು ಕೇಳಲು ಹಿಂಜರಿಯಬೇಡಿ.