ರಾಜ್ಯಕ್ಕಿಂತ ಮೊದಲೇ ‘ಕರ್ನಾಟಕಿ’: ಅಮೀರ್‌ಬಾಯಿಯವರ ಹಾಡಿನ ಬದುಕು

ಕರ್ನಾಟಕ ಎಂಬ ಹೆಸರಿನ ರಾಜ್ಯ ಅಸ್ತಿತ್ವಕ್ಕೆ ಬಂದದ್ದು 1973ರಲ್ಲಿ. ಕನ್ನಡ ನಾಡಿನ ಹರಿದು ಹಂಚಿದ ತುಂಡುಗಳು ಒಂದುಗೂಡಿದ್ದು 1956ರಲ್ಲಿ. ಆದರೆ ಅದಕ್ಕೂ ಬಹಳ ಮೊದಲೇ, 1940ರ ದಶಕದ ಆರಂಭದಲ್ಲಿ, ಲಾಹೋರಿನಿಂದ ಕಲ್ಕತ್ತದವರೆಗಿನ ಗ್ರಾಮಫೋನ್ ಅಂಗಡಿಗಳಲ್ಲಿ ಆ ಶಬ್ದ ಒಬ್ಬ ಗಾಯಕಿಯ ಹೆಸರಿಗೆ ಅಂಟಿಕೊಂಡು ಮಾರಾಟವಾಗುತ್ತಿತ್ತು. ಅವರೇ ಅಮೀರ್‌ಬಾಯಿ ಕರ್ನಾಟಕಿ. ಹಿಂದಿ ಚಿತ್ರಗೀತೆಗಳ ಮೊದಲ ತಲೆಮಾರಿನ ಹಿನ್ನೆಲೆ ಗಾಯಕಿಯರಲ್ಲಿ ಒಬ್ಬರಾದ ಈಕೆ ‘ಕನ್ನಡ ಕೋಗಿಲೆ’ ಎಂದೇ ಖ್ಯಾತರಾಗಿದ್ದರು. ಇಂದಿನ ಕೇಳುಗರಿಗೆ ಹಾಡು ನೆನಪಿದೆ, ಹಾಡಿದವರು ನೆನಪಿಲ್ಲ.

ಅಮೀರ್‌ಬಾಯಿ ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಬೀಳಗಿಯಲ್ಲಿ ಜನಿಸಿದರು. ಅಂದು ಬಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿ 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿದೆ. ಆಗಿನ ಆಡಳಿತ ಮುಂಬಯಿ ಪ್ರಾಂತ್ಯದ್ದು. ಕಚೇರಿಯ ಕಾಗದಪತ್ರದಿಂದ ಹಿಡಿದು ನಾಟಕ ಕಂಪನಿಯ ಪರದೆಗಳವರೆಗೆ ಆ ಭಾಗದ ಜನ ಮುಂಬಯಿಯತ್ತ ಮುಖ ಮಾಡಿದ್ದ ಕಾಲವದು. ಕನ್ನಡದ ಹುಡುಗಿಯೊಬ್ಬಳು ಬೆಂಗಳೂರು, ಮೈಸೂರುಗಳನ್ನು ಬಿಟ್ಟು ನೇರವಾಗಿ ಮುಂಬಯಿ ಸೇರಿದ್ದರ ಹಿಂದೆ ವಿಶೇಷ ಸಾಹಸದ ಕಥೆಯನ್ನು ಹುಡುಕಬೇಕಾಗಿಲ್ಲ. ಉತ್ತರ ಕರ್ನಾಟಕದವರಿಗೆ ಹತ್ತಿರದ ಮಹಾನಗರ ಅದೇ ಆಗಿತ್ತು.

ಮನೆತನವೇ ಸಂಗೀತ, ನಾಟಕಗಳದ್ದು. ಅಕ್ಕ ಗೋಹರಬಾಯಿ ಮೊದಲು ರಂಗಭೂಮಿಗೆ, ಬಳಿಕ ಚಿತ್ರರಂಗಕ್ಕೆ ಹೋದವರು. ಮರಾಠಿ ರಂಗಭೂಮಿಯ ದಂತಕಥೆಯಾದ ಬಾಲಗಂಧರ್ವರ ಕಂಪನಿಯಲ್ಲಿ ಪ್ರಮುಖ ನಟಿಯಾಗಿ ನಿಂತು, ಮುಂದೆ ಅವರನ್ನೇ ವರಿಸಿದರು. ಇದಕ್ಕಾಗಿ ಮರಾಠಿ ಅಭಿಮಾನಿಗಳಿಂದ ಗೋಹರಬಾಯಿ ಕೇಳಿಸಿಕೊಂಡ ನಿಂದೆ ಅಷ್ಟಿಷ್ಟಲ್ಲ. ಅಕ್ಕನ ನೆರವಿನಿಂದಲೇ ತಂಗಿಗೆ ಚಿತ್ರರಂಗದ ಬಾಗಿಲು ತೆರೆಯಿತು. 1934ರ ‘ವಿಷ್ಣುಭಕ್ತಿ’ ಅಮೀರ್‌ಬಾಯಿ ಅಭಿನಯಿಸಿದ ಮೊದಲ ಚಿತ್ರ.

ಮೊದಲ ವರ್ಷಗಳು ಸುಗಮವಾಗಿರಲಿಲ್ಲ. ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರ, ಅದರೊಂದಿಗೆ ಒಂದೆರಡು ಹಾಡು. ನಟಿಯರೇ ತಮ್ಮ ಹಾಡನ್ನು ಹಾಡಿಕೊಳ್ಳುತ್ತಿದ್ದ ದಿನಗಳವು. ಹಿನ್ನೆಲೆ ಗಾಯನ ಹಿಂದಿ ಚಿತ್ರರಂಗಕ್ಕೆ ಕಾಲಿಟ್ಟಿದ್ದೇ 1935ರಲ್ಲಿ. ಕಂಠ ಒಬ್ಬರದು, ಮುಖ ಇನ್ನೊಬ್ಬರದು ಎಂಬ ಈ ಏರ್ಪಾಡು ಬೇರೂರಲು ಕೆಲವು ವರ್ಷಗಳೇ ಹಿಡಿದವು. ಅಮೀರ್‌ಬಾಯಿಯವರ ಭಾಗ್ಯ ತೆರೆದದ್ದು ಈ ಬದಲಾವಣೆಯಿಂದ. ಪ್ರಕಾಶ್ ಪಿಕ್ಚರ್ಸ್‌ನ ವಿಜಯ್ ಭಟ್ ನಿರ್ದೇಶಿಸಿದ ‘ನರಸಿ ಭಗತ್’ (1940) ಮತ್ತು ‘ಭರತ್ ಮಿಲಾಪ್’ (1942) ಚಿತ್ರಗಳ ಭಕ್ತಿಗೀತೆಗಳು ಅವರಿಗೆ ಹೆಸರು ತಂದವು. ‘ನರಸಿ ಭಗತ್’ನಲ್ಲಿ ಅವರು ಹಾಡಿದ ನರಸೀ ಮೆಹ್ತಾರ ಪ್ರಸಿದ್ಧ ಭಜನೆಯನ್ನು ಗಾಂಧೀಜಿ ಮೆಚ್ಚಿದ್ದರೆಂಬ ಮಾತು ಬಹುಕಾಲದಿಂದ ಪ್ರಚಲಿತದಲ್ಲಿದೆ.

ಬಳಿಕ ಬಂದದ್ದು ‘ಕಿಸ್ಮತ್’. ಬಾಂಬೆ ಟಾಕೀಸ್ ನಿರ್ಮಿಸಿದ, ಜ್ಞಾನ್ ಮುಖರ್ಜಿ ನಿರ್ದೇಶನದ ಈ ಚಿತ್ರ 1943ರ ಜನವರಿಯಲ್ಲಿ ತೆರೆಕಂಡಿತು. ಕ್ವಿಟ್ ಇಂಡಿಯಾ ಚಳವಳಿಯ ಮುಂದಾಳುಗಳು ಇನ್ನೂ ಸೆರೆಯಲ್ಲಿದ್ದರು. ಸಂಗೀತ ಅನಿಲ್ ಬಿಸ್ವಾಸ್ ಅವರದು, ಗೀತರಚನೆ ಕವಿ ಪ್ರದೀಪರದು. ನಾಯಕಿ ಮುಮ್ತಾಜ್ ಶಾಂತಿ ತೆರೆಯ ಮೇಲೆ ತುಟಿಯಾಡಿಸಿದ ಹಾಡುಗಳಲ್ಲಿ ಹೆಚ್ಚಿನವು ಅಮೀರ್‌ಬಾಯಿಯವರ ಕಂಠದಲ್ಲಿದ್ದವು. ಅವುಗಳಲ್ಲಿ ಒಂದನ್ನು, ಖಾನ್ ಮಸ್ತಾನಾ ಅವರೊಂದಿಗೆ ಹಾಡಿದ ದೇಶಭಕ್ತಿ ಗೀತೆಯನ್ನು, ಪ್ರತ್ಯೇಕವಾಗಿ ಹೇಳಲೇಬೇಕು. ಹಿಂದೂಸ್ಥಾನ ನಮ್ಮದು, ಹೊರಗಿನವರೇ ದೂರ ಸರಿಯಿರಿ ಎಂಬುದು ಅದರ ಆಶಯ. ಪ್ರದೀಪರು ಜಾಣ್ಮೆಯಿಂದ ಜರ್ಮನ್ ಮತ್ತು ಜಪಾನೀಯರ ಹೆಸರನ್ನು ಹಾಡಿನೊಳಗೆ ಸೇರಿಸಿದ್ದರು. ಯುದ್ಧದಲ್ಲಿ ಬ್ರಿಟನ್ನಿನ ವೈರಿಗಳು ಅವರೇ ಆದ್ದರಿಂದ ಸೆನ್ಸಾರ್ ಅಧಿಕಾರಿಗಳು ತಕರಾರೆತ್ತಲಾಗಲಿಲ್ಲ. ದೂರ ಸರಿಯಬೇಕಾದವರು ಯಾರೆಂಬುದು ಮಾತ್ರ ಚಿತ್ರಮಂದಿರದಲ್ಲಿ ಕುಳಿತಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಪ್ರೇಕ್ಷಕರು ರೀಲನ್ನು ಹಿಂದಕ್ಕೆ ಸುತ್ತಿಸಿ ಮತ್ತೆ ಮತ್ತೆ ಆ ಹಾಡನ್ನು ಹಾಕಿಸಿಕೊಂಡರು. ಕಲ್ಕತ್ತದ ರಾಕ್ಸಿ ಚಿತ್ರಮಂದಿರದಲ್ಲಿ ‘ಕಿಸ್ಮತ್’ ಮೂರು ವರ್ಷಗಳಿಗೂ ಹೆಚ್ಚು ಕಾಲ ಓಡಿತು. ಬೀಳಗಿಯ ಹೆಣ್ಣುಮಗಳ ದನಿ ಸ್ವಾತಂತ್ರ್ಯ ಚಳವಳಿಯ ದನಿಗಳಲ್ಲಿ ಒಂದಾಗಿ ಸೇರಿಹೋದದ್ದು ಹೀಗೆ. ನಮ್ಮ ಸ್ವಾತಂತ್ರ್ಯ ಹೋರಾಟದ ಚರಿತ್ರೆಗಳು ಇದನ್ನು ಅಪರೂಪಕ್ಕೂ ಪ್ರಸ್ತಾಪಿಸುವುದಿಲ್ಲ.

ಮುಂದಿನ ಐದಾರು ವರ್ಷ ಅಮೀರ್‌ಬಾಯಿ ಬೇಡಿಕೆಯ ಉತ್ತುಂಗದಲ್ಲಿದ್ದರು. ನೌಷಾದ್ ಸಂಗೀತದ ‘ರತನ್’ (1944), ಸಿ. ರಾಮಚಂದ್ರರ ‘ಶೆಹನಾಯಿ’ (1947), ಗುಜರಾತಿಯ ‘ರಾಣಕದೇವಿ’ (1946) ಹೀಗೆ ಭಾಷೆ ಬದಲಾದರೂ ದನಿಯ ಗುರುತು ಬದಲಾಗಲಿಲ್ಲ. ಜೊಹ್ರಾಬಾಯಿ ಅಂಬಾಲೆವಾಲಿ, ಶಂಶಾದ್ ಬೇಗಂ, ರಾಜಕುಮಾರಿ ಇವರ ಸಮಕಾಲೀನರು. ಇವರೆಲ್ಲರದೂ ಮೈಕಿನ ಹಂಗಿಲ್ಲದೆ ದೂರದವರೆಗೆ ಕೇಳಿಸುವಂತಹ ತುಂಬುಕಂಠ. ಅಮೀರ್‌ಬಾಯಿಯವರ ಕಂಠದಲ್ಲಿ ರಂಗಭೂಮಿಯ ಬನಿಯ ಜೊತೆಗೆ ಸಣ್ಣದೊಂದು ಅಳುಕು ಬೆರೆತಿತ್ತು. ವಿರಹದ ಹಾಡುಗಳಲ್ಲಿ ಅವರನ್ನು ಮೀರಿಸುವವರು ಆ ದಶಕದಲ್ಲಿ ವಿರಳ. 1948ರ ‘ಶಹನಾಜ್’ ಚಿತ್ರಕ್ಕೆ ಅವರು ಸಂಗೀತವನ್ನೂ ನಿರ್ದೇಶಿಸಿದರು. ಹೆಣ್ಣು ಸಂಗೀತ ನಿರ್ದೇಶಕಿಯರನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಉದ್ಯಮದಲ್ಲಿ ಇದು ಸಣ್ಣ ಸಂಗತಿಯಲ್ಲ.

ಇತ್ತ ಮನೆಯೊಳಗಿನ ಬದುಕು ನರಕವಾಗಿತ್ತು. ಖಳಪಾತ್ರಗಳಿಗೆ ಹೆಸರಾಗಿದ್ದ ನಟ ಹಿಮಾಲಯವಾಲಾ ಅವರೊಂದಿಗಿನ ವಿವಾಹ ಹೊಡೆತ, ಬಡಿತಗಳಲ್ಲಿ ಕಳೆಯಿತು. ಹಾಡಿ ಗಳಿಸಿದ್ದು ಗಂಡನ ಕೈ ಸೇರುತ್ತಿತ್ತು. ಲಕ್ಷಾಂತರ ಜನ ಕಿವಿಗೊಟ್ಟು ಆಲಿಸುತ್ತಿದ್ದ ದನಿಗೆ ತನ್ನ ಮನೆಯಲ್ಲೇ ಕೇಳುವವರಿರಲಿಲ್ಲ. ಸಹನೆಯನ್ನೇ ಹೆಣ್ಣಿನ ಭೂಷಣವೆಂದು ತೆರೆಯ ಮೇಲೆ ಹಾಡುತ್ತಿದ್ದ ಕಾಲದಲ್ಲಿ ಆಕೆ ಕಾನೂನಿನ ನೆರವು ಪಡೆದು ಆ ಸಂಬಂಧದಿಂದ ಹೊರಬಂದರು. ಹಿಮಾಲಯವಾಲಾ ಪಾಕಿಸ್ತಾನಕ್ಕೆ ತೆರಳಿ ಅಲ್ಲಿನ ಚಿತ್ರರಂಗದಲ್ಲಿ ಮುಂದುವರಿದರು. ಅಮೀರ್‌ಬಾಯಿ ಭಾರತದಲ್ಲೇ ಉಳಿದರು. ಪತ್ರಕರ್ತ ಬದ್ರಿ ಕಾಂಚವಾಲಾ ಅವರೊಂದಿಗಿನ ಎರಡನೆಯ ವಿವಾಹ ನೆಮ್ಮದಿ ತಂದಿತು.

1949 ಹಿಂದಿ ಚಿತ್ರಗೀತೆಯ ದಿಕ್ಕನ್ನೇ ತಿರುಗಿಸಿದ ವರ್ಷ. ‘ಮಹಲ್’, ‘ಬರಸಾತ್’ ಚಿತ್ರಗಳ ಮೂಲಕ ಲತಾ ಮಂಗೇಶ್ಕರ್ ಅವರ ತೆಳುವಾದ, ಎತ್ತರದ ಸ್ಥಾಯಿಯ ದನಿ ಕೇಳುಗರ ಅಭಿರುಚಿಯನ್ನು ಬದಲಿಸಿಬಿಟ್ಟಿತು. ತುಂಬುಕಂಠದ ಹಿರಿಯ ಗಾಯಕಿಯರು ಒಬ್ಬೊಬ್ಬರಾಗಿ ಹಿನ್ನೆಲೆಯ ಹಿಂದಕ್ಕೂ ಸರಿದರು. ಈ ಹಸ್ತಾಂತರ ಒಂದೇ ಹಾಡಿನಲ್ಲಿ ಕಿವಿಗೆ ಬೀಳುವ ಸಂದರ್ಭವೊಂದಿದೆ. 1950ರ ‘ಸಮಾಧಿ’ ಚಿತ್ರಕ್ಕೆ ಸಿ. ರಾಮಚಂದ್ರ ಲ್ಯಾಟಿನ್ ಅಮೆರಿಕದ ಕುಣಿತದ ಲಯವನ್ನು ಎರವಲು ತಂದು ಒಂದು ಯುಗಳಗೀತೆ ಮಾಡಿದರು. ತೆರೆಯ ಮೇಲೆ ನಳಿನಿ ಜಯವಂತ್ ಮತ್ತು ಕುಲದೀಪ್ ಕೌರ್ ಕುಣಿದರೆ, ಹಿಂದೆ ಹಾಡಿದವರು ಲತಾ ಮತ್ತು ಅಮೀರ್‌ಬಾಯಿ. ಇಂದಿಗೂ ಮದುವೆಮನೆಗಳಲ್ಲಿ ಅದಕ್ಕೆ ಹೆಜ್ಜೆ ಹಾಕುವವರಿದ್ದಾರೆ. ನಾಟಕ ಕಂಪನಿಯ ಪದಗಳನ್ನು ಕೇಳಿ ಬೆಳೆದ ಗಾಯಕಿ ಕೆರಿಬಿಯನ್ ಕಡಲಾಚೆಯ ಆ ಲಯವನ್ನು ಲೀಲಾಜಾಲವಾಗಿ ಹಾಡಿದ್ದಾರೆ. ಅವರ ಕಂಠ ಹಳತಾಗಿತ್ತೆಂಬ ವಾದವನ್ನು ಈ ಹಾಡು ಕೇಳಿದ ಬಳಿಕ ಒಪ್ಪುವುದು ಕಷ್ಟ.

ಆನಂತರ ಹಾಡುವ ಅವಕಾಶಗಳು ಕ್ಷೀಣಿಸಿದವು. ಅಮೀರ್‌ಬಾಯಿ ಪೋಷಕ ಪಾತ್ರಗಳಿಗೆ ಮರಳಿದರು. ಆದರೆ ಊರಿನ ನಂಟನ್ನು ಕಡಿದುಕೊಂಡಿರಲಿಲ್ಲ. ಗಳಿಕೆಯಿಂದ ಬಿಜಾಪುರದಲ್ಲಿ ತಮ್ಮ ಹೆಸರಿನದೇ ಚಿತ್ರಮಂದಿರವನ್ನು, ಅಮೀರ್ ಟಾಕೀಸನ್ನು, ಕಟ್ಟಿಸಿದ್ದರು. ಪಾರ್ಶ್ವವಾಯುವಿಗೆ ತುತ್ತಾಗಿ 1965ರ ಮಾರ್ಚ್ 3ರಂದು ನಿಧನರಾದರು. ಮಣ್ಣಾದದ್ದು ಬಿಜಾಪುರದಲ್ಲಿಯೇ. ಆ ವೇಳೆಗೆ ಬೀಳಗಿ, ಬಿಜಾಪುರಗಳು ಮುಂಬಯಿಯ ಆಡಳಿತದಿಂದ ಬೇರೆಯಾಗಿ ಕನ್ನಡದ ರಾಜ್ಯವನ್ನು ಸೇರಿ ಎಂಟು ವರ್ಷಗಳು ಕಳೆದಿದ್ದವು. ಅವರ ಬದುಕನ್ನು ಕನ್ನಡಿಗರ ಮುಂದೆ ಸಮಗ್ರವಾಗಿ ತೆರೆದಿಟ್ಟವರು ವಿಮರ್ಶಕ ರಹಮತ್ ತರೀಕೆರೆ. ‘ಅಮೀರ್‌ಬಾಯಿ ಕರ್ನಾಟಕಿ’ ಎಂಬ ಅವರ ಕೃತಿ ಬರುವ ಹೊತ್ತಿಗೆ ಗಾಯಕಿ ಕಣ್ಮರೆಯಾಗಿ ನಾಲ್ಕು ದಶಕಗಳೇ ಉರುಳಿದ್ದವು.